ಮಾತ್ರೆ ಆಮೇಲೆ, ಮೊದಲು ಎರಡು ತಿಂಗಳು ಬರೀರಿ

ಪೀರಿಯಡ್ಸ್ ಹತ್ರ ಬಂದಾಗ ಶುರುವಾಗೋ ಸಿಡುಕು, ಅಳು, ಸ್ತನಗಳ ನೋವು, ಹೊಟ್ಟೆ ಉಬ್ಬರ, ನಿದ್ದೆಗೇಡು ಇವೆಲ್ಲ ಏನು ಅಂತ ಇಲ್ಲಿ ವಿವರಿಸ್ತಾ ಕೂರಲ್ಲ, ಅನುಭವಿಸೋರಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ನನ್ನ ತಕರಾರು ಬೇರೆ. ಪಿಎಂಎಸ್ (ಪ್ರೀಮೆನ್‌ಸ್ಟ್ರುಯಲ್ ಸಿಂಡ್ರೋಮ್, ಅಂದ್ರೆ ಪೀರಿಯಡ್ಸ್‌ಗೆ ಮುಂಚಿನ ಈ ತೊಂದರೆಗಳ ಗುಂಪು) ಅಂತ ನನ್ನ ಹತ್ರ ಬರೋರಲ್ಲಿ ಬಹಳಷ್ಟು ಜನ ಆಗಲೇ ಏನೋ ಒಂದು ತಗೊಂಡೇ ಬಂದಿರ್ತಾರೆ, ಗಿಡಮೂಲಿಕೆ ಕ್ಯಾಪ್ಸೂಲು, ವಿಟಮಿನ್ನು, ಯಾವುದೋ ಎಣ್ಣೆ, ಅಕ್ಯುಪಂಕ್ಚರ್. ಅದಕ್ಕೆ ನಾನು ಬೈಯಲ್ಲ, ಬೈದ್ರೆ ಮುಂದಿನ ಸಲ ತಗೊಳ್ಳೋದು ಬಿಡಲ್ಲ, ನನಗೆ ಹೇಳೋದು ಬಿಡ್ತಾರೆ ಅಷ್ಟೆ. ಆದ್ರೆ "ಮೇಡಂ, ಆ ಕ್ಯಾಪ್ಸೂಲ್ ತಗೊಂಡೆ, ಮೂರೇ ದಿನಕ್ಕೆ ಎಲ್ಲಾ ಮಾಯ" ಅಂದಾಗ ಮಾತ್ರ ನಾನು ಒಂದೇ ಪ್ರಶ್ನೆ ಕೇಳೋದು. ಆ ಮೂರನೇ ದಿನ ಪೀರಿಯಡ್ಸ್ ಬಂತಾ?

ಸ್ವಲ್ಪ ಹೊತ್ತು ಸುಮ್ನಿರ್ತಾರೆ. ಆಮೇಲೆ, "ಹ್ಞೂಂ, ಬಂತು."

ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ಇದನ್ನ ನಾನು ವರ್ಷಗಳಿಂದ ಹೇಳ್ತಾನೇ ಇದ್ದೀನಿ, ಇದೊಂದೇ ಯಾರ ತಲೆಗೂ ಹೋಗ್ತಿಲ್ಲ. ಪಿಎಂಎಸ್ ಅನ್ನೋದು ಅಂಡಾಣು ಬಿಡುಗಡೆ ಆದ್ಮೇಲೆ ಬರುತ್ತೆ, ರಕ್ತಸ್ರಾವ ಶುರುವಾದ ಕೆಲವೇ ದಿನದಲ್ಲಿ ತಾನೇ ಹೋಗುತ್ತೆ. ಹೋಗೋದೇ ಅದರ ಗುರುತು. ನೀವು ಏನೂ ಮಾಡದೆ ಸುಮ್ನೆ ಗೋಡೆ ನೋಡ್ತಾ ಕೂತಿದ್ರೂ ಅದು ಹೋಗುತ್ತೆ. ಈಗ ಯೋಚ್ನೆ ಮಾಡಿ, ಮಾತ್ರೆ ಹುಡುಕೋಕೆ ನೀವು ಹೊರಡೋದು ಯಾವತ್ತು? ಚೆನ್ನಾಗಿರೋ ದಿನ ಅಲ್ಲ. ತಡೆಯೋಕೇ ಆಗದ ದಿನ, ಮಕ್ಕಳ ಮೇಲೆ ಕಿರುಚಿ ಆಮೇಲೆ ಬಾತ್‌ರೂಮಲ್ಲಿ ಅತ್ತ ದಿನ. ಅಂದ್ರೆ ಪೀರಿಯಡ್ಸ್‌ಗೆ ಎರಡು ಮೂರು ದಿನ ಬಾಕಿ ಇರೋ ದಿನ. ಅವತ್ತು ಏನೇ ನುಂಗಿದ್ರೂ ಅದು ಗೆದ್ದೇ ಗೆಲ್ಲುತ್ತೆ. ತನ್ನ ಕೋಳಿ ಕೂಗಿದ್ರೇನೇ ಊರಿಗೆ ಬೆಳಗಾಗೋದು ಅಂದ್ಕೊಂಡಿದ್ದ ಅಜ್ಜಿ ಕಥೆ ಇದು.

ಮುಂದಿನ ತಿಂಗಳು ಅದೇ ಕ್ಯಾಪ್ಸೂಲನ್ನ ಹತ್ತು ದಿನ ಮುಂಚೆನೇ ಶುರು ಮಾಡ್ತಾರೆ, ಈ ಸಲ ಏನೂ ಆಗಲ್ಲ, ಆಗ ಕಂಪನಿ ಮೋಸ ಅಂತ ಬೇರೆ ಬ್ರ್ಯಾಂಡ್, ಆಮೇಲೆ ಬೇರೆ ಮೂಲಿಕೆ, ಆಮೇಲೆ ಮೂರೂ ಒಟ್ಟಿಗೆ. ಯಾವುದು ಕೆಲಸ ಮಾಡಿತು, ಯಾವುದು ಮಾಡ್ಲಿಲ್ಲ, ಯಾವುದು ಹೊಟ್ಟೆ ಕೆಡಿಸಿತು ಅಂತ ದೇವರಾಣೆಗೂ ಹೇಳೋಕಾಗಲ್ಲ.

ಇನ್ನೂ ಒಂದು ವಿಷ್ಯ ಇದೆ. 1998ರಲ್ಲಿ ಕ್ಯಾಲ್ಸಿಯಂ ಬಗ್ಗೆ ಅಮೆರಿಕದಲ್ಲಿ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಬಂತು, ದಿನಕ್ಕೆ 1200 ಮಿಲಿಗ್ರಾಂ, ಮೂರು ಋತುಚಕ್ರ. ಮೂರನೇ ಚಕ್ರದ ಹೊತ್ತಿಗೆ ಕ್ಯಾಲ್ಸಿಯಂ ತಗೊಂಡವರ ತೊಂದರೆ ಶೇ 48ರಷ್ಟು ಇಳೀತು. ಎಲ್ಲರೂ ಈ 48 ಮಾತ್ರ ಓದ್ತಾರೆ. ಔಷಧಿನೇ ಇಲ್ಲದ ಹುಸಿ ಮಾತ್ರೆ ತಗೊಂಡವರಿಗೂ ಶೇ 30 ಇಳಿದಿತ್ತು, ಅದನ್ನ ಯಾರೂ ಓದಲ್ಲ. ಕ್ಯಾಲ್ಸಿಯಂ ವೇಸ್ಟ್ ಅಂತ ನಾನು ಹೇಳ್ತಿಲ್ಲ, ನಿಜ ಹೇಳ್ಬೇಕಂದ್ರೆ ಮೊದಲು ಟ್ರೈ ಮಾಡೋಕೆ ನಾನು ಹೇಳೋದೇ ಅದನ್ನ. ಆದ್ರೆ ಏನೂ ಇಲ್ಲದ ಮಾತ್ರೆಗೇ ಅಷ್ಟು ಶಕ್ತಿ ಇದ್ದಾಗ "ನನಗೆ ಹಿಡಿಸ್ತು" ಅನ್ನೋ ಒಂದು ತಿಂಗಳ ಅನುಭವಕ್ಕೆ ಎಷ್ಟು ಬೆಲೆ ಕೊಡೋಣ ಹೇಳಿ.

ಅದಕ್ಕೇ ಬರೀರಿ ಅನ್ನೋದು. ದಿನಾ ರಾತ್ರಿ ಎರಡು ನಿಮಿಷ, ನಿಮ್ಮನ್ನ ಜಾಸ್ತಿ ಕಾಡೋ ನಾಲ್ಕೈದು ತೊಂದರೆಗಳಿಗೆ 1ರಿಂದ 6ರವರೆಗೆ ಅಂಕ, 1 ಅಂದ್ರೆ ಇಲ್ಲವೇ ಇಲ್ಲ, 6 ಅಂದ್ರೆ ವಿಪರೀತ. ರಕ್ತಸ್ರಾವ ಇರೋ ದಿನಕ್ಕೆ ಒಂದು ಗುರುತು. ಯಾವ ಮಾತ್ರೆನೂ ಹೊಸದಾಗಿ ಶುರು ಮಾಡದೆ ಎರಡು ಪೂರ್ತಿ ಚಕ್ರ. ಚೆನ್ನಾಗಿರೋ ದಿನವೂ ಬರೀಬೇಕು, ಜನ ತಪ್ಪೋದು ಇಲ್ಲೇ. "ಇವತ್ತು ಏನೂ ಇರ್ಲಿಲ್ಲ, ಅದಕ್ಕೆ ಬರೀಲಿಲ್ಲ ಮೇಡಂ" ಅಂತಾರೆ, ಅರೆ, ಆ "ಏನೂ ಇಲ್ಲ" ಅನ್ನೋದೇ ನನಗೆ ಬೇಕಾಗಿರೋದು! ಪೀರಿಯಡ್ಸ್ ಮುಗಿದ ಮೇಲಿನ ವಾರ ಖಾಲಿ ಇದ್ರೆ ಮಾತ್ರ ಅದು ಪಿಎಂಎಸ್. ಇನ್ನು ಕೆಲವರು ಮೂವತ್ತು ದಿನದ ಚಾರ್ಟು ತರ್ತಾರೆ, ಒಂದೇ ಪೆನ್ನು, ಒಂದೇ ಒತ್ತು, ಇಂಕು ಇನ್ನೂ ಕೈಗೆ ಅಂಟುತ್ತೆ. ಹೊರಗೆ ಬೆಂಚ್ ಮೇಲೆ ಕೂತು ತುಂಬಿದ್ದು ಅಂತ ನನಗೆ ಗೊತ್ತು, ನನಗೆ ಗೊತ್ತಾಯ್ತು ಅಂತ ಅವರಿಗೂ ಗೊತ್ತು, ಇಬ್ಬರೂ ನಗ್ತೀವಿ, ಇನ್ನೊಂದು ಖಾಲಿ ಹಾಳೆ ಕೊಟ್ಟು ಕಳಿಸ್ತೀನಿ. ನೆನಪಿನಿಂದ ಬರೆದಿದ್ದು ನಂಬೋ ಹಾಗಿಲ್ಲ, ಸುಳ್ಳು ಹೇಳ್ತಾರೆ ಅಂತಲ್ಲ, ಮನಸ್ಸು ಕೆಟ್ಟ ದಿನಗಳನ್ನೆಲ್ಲ ತಾನೇ ಪೀರಿಯಡ್ಸ್ ಪಕ್ಕಕ್ಕೆ ತಳ್ಳಿಬಿಡುತ್ತೆ.

ಒಬ್ಬರ ಗಂಡ ಲ್ಯಾಪ್‌ಟಾಪ್ ಸಮೇತ ಬಂದ್ರು, ಎಕ್ಸೆಲ್ ಶೀಟು, ಗ್ರಾಫು, ಕೆಂಪು ಹಸಿರು ಬಣ್ಣ. ಹೆಂಡತಿ ಸಿಟ್ಟಿಗೆ ಇವರು ಅಂಕ ಕೊಟ್ಟಿದ್ದಾರೆ. ಆಯಮ್ಮ ಪಕ್ಕದಲ್ಲಿ ಸೀಲಿಂಗ್ ನೋಡ್ತಾ ಕೂತಿದ್ದಾರೆ. ಸಾರ್, ತುಂಬಾ ಚೆನ್ನಾಗಿದೆ, ಆದ್ರೆ ಇದು ನೀವು ಬೈಸ್ಕೊಂಡ ದಿನಗಳ ಲೆಕ್ಕ, ಅವರ ಒಳಗೆ ಏನಾಯ್ತು ಅನ್ನೋದರ ಲೆಕ್ಕ ಅಲ್ಲ ಅಂದೆ. ಒಳ್ಳೆ ಮನುಷ್ಯ, ಕಾಳಜಿಯಿಂದಲೇ ಮಾಡಿದ್ದು, ಮುಂದಿನ ತಿಂಗಳು ರಾತ್ರಿ ಅವರಿಗೆ ಬರೆಯೋಕೆ ನೆನಪು ಮಾಡೋ ಕೆಲಸ ಮಾತ್ರ ಮಾಡಿದ್ರಂತೆ.

ಆ ಚಾರ್ಟು ಕೆಲವು ಸಲ ಬೇರೆಯದೇ ಕಥೆ ಹೇಳುತ್ತೆ. ಒಬ್ಬ ಹುಡುಗಿ ಪಿಎಂಎಸ್ ಅಂತಲೇ ಎಷ್ಟೋ ಕಾಲ ಏನೇನೋ ಗುಳಿಗೆ ನುಂಗಿದ್ಳು, ಎರಡು ತಿಂಗಳು ಬರೆದು ತಂದಾಗ ತಿಂಗಳಿಡೀ ನಾಲ್ಕು, ಐದು, ನಾಲ್ಕು, ಐದು. ಪೀರಿಯಡ್ಸ್‌ಗೆ ಮುಂಚೆ ಒಂಚೂರು ಜಾಸ್ತಿ ಅಷ್ಟೆ. ಅದು ಡಿಪ್ರೆಶನ್, ಪೀರಿಯಡ್ಸ್‌ಗೆ ಮುಂಚೆ ಉಲ್ಬಣ ಆಗೋ ಡಿಪ್ರೆಶನ್. ಅದಕ್ಕೆ ಬೇರೆ ದಾರಿ ಬೇಕು. ಥೈರಾಯ್ಡ್, ರಕ್ತಹೀನತೆ, ಮೈಗ್ರೇನ್ ಕೂಡ ಹೀಗೇ ಪಿಎಂಎಸ್ ಹೆಸರಲ್ಲಿ ಅಡಗಿ ಕೂತಿರ್ತವೆ.

ಹಾರ್ಮೋನ್ ಟೆಸ್ಟ್ ಮಾಡಿಸಿ ಅಂತ ಹಟ ಮಾಡೋರಿಗೂ ಒಂದು ಮಾತು. ಪಿಎಂಎಸ್ ಇರೋರ ಹಾರ್ಮೋನ್ ಮಟ್ಟ ಸಾಮಾನ್ಯವಾಗಿ ನಾರ್ಮಲ್ಲೇ ಇರುತ್ತೆ. ಆ ನಾರ್ಮಲ್ ಏರಿಳಿತಕ್ಕೆ ಅವರ ಮೆದುಳು ಸ್ಪಂದಿಸೋ ರೀತಿ ಬೇರೆ. ಇದನ್ನ ತೋರಿಸಿಕೊಟ್ಟ ಪ್ರಯೋಗವೂ 1998ರದ್ದೇ. ಹಾಗಾಗಿ "ಹಾರ್ಮೋನ್ ಬ್ಯಾಲೆನ್ಸ್ ಮಾಡುತ್ತೆ" ಅಂತ ಡಬ್ಬಿ ಮೇಲೆ ಬರೆದಿದ್ರೆ, ಏನನ್ನ ಬ್ಯಾಲೆನ್ಸ್ ಮಾಡುತ್ತೆ ಅಂತ ಅವರನ್ನೇ ಕೇಳಿ.

ಸರಿ, ಎರಡು ಚಕ್ರ ಬರೆದ್ರಿ, ಪಿಎಂಎಸ್ ಅಂತ ಗೊತ್ತಾಯ್ತು, ಈಗ ಒಂದನ್ನ ಆರಿಸ್ಕೊಳ್ಳಿ. ಒಂದನ್ನ ಮಾತ್ರ, ಕನಿಷ್ಠ ಮೂರು ಚಕ್ರ, ಬರೆಯೋದು ನಿಲ್ಲಿಸದೆ. ಕ್ಯಾಲ್ಸಿಯಂ ಹೇಳಿದೆನಲ್ಲ, ಕಿಡ್ನಿ ಸ್ಟೋನ್ ಆಗಿದ್ದೋರು ಕೇಳಿ ತಗೊಳ್ಳಿ, ಥೈರಾಯ್ಡ್ ಮಾತ್ರೆ ತಗೊಳ್ಳೋರು ಎರಡರ ಮಧ್ಯೆ ನಾಲ್ಕು ಗಂಟೆ ಬಿಡಿ. ಮೂಲಿಕೆಗಳಲ್ಲಿ ಸ್ವಲ್ಪ ಮರ್ಯಾದೆ ಇರೋದು ವೈಟೆಕ್ಸ್ ಆಗ್ನಸ್ ಕ್ಯಾಸ್ಟಸ್‌ಗೆ, 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಪ್ರಯೋಗದಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹೆಂಗಸರಿಗೆ ಗುಣ ಕಂಡಿತ್ತು, ಹುಸಿ ಮಾತ್ರೆಯಲ್ಲಿ ಹೆಚ್ಚುಕಮ್ಮಿ ಕಾಲು ಭಾಗಕ್ಕೆ. ಅದು ಒಂದು ನಿರ್ದಿಷ್ಟ ಸಾರ, ನಿಮ್ಮ ಡಬ್ಬೀಲಿ ಇರೋದು ಅದೇನಾ ಅಂತ ನಾನು ಗ್ಯಾರಂಟಿ ಕೊಡಲ್ಲ. ಗರ್ಭಿಣಿಯರು, ಮಗುಗೆ ಪ್ರಯತ್ನ ಪಡ್ತಿರೋರು, ಮಾನಸಿಕ ಕಾಯಿಲೆಗೆ ಅಥವಾ ಪ್ರೊಲ್ಯಾಕ್ಟಿನ್‌ಗೆ (ಎದೆಹಾಲು ಬರಿಸೋ ಹಾರ್ಮೋನ್) ಮಾತ್ರೆ ತಗೊಳ್ತಿರೋರು ಕೇಳದೆ ಮುಟ್ಟಬೇಡಿ. ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆ ಹುಸಿ ಮಾತ್ರೆಗಿಂತ ಜಾಸ್ತಿ ಏನೂ ಮಾಡಿ ತೋರಿಸಿಲ್ಲ, ಆದ್ರೂ ಎಲ್ಲರ ಬ್ಯಾಗಲ್ಲೂ ಅದೇ.

ಬಿ6 ವಿಟಮಿನ್ನಿಗೆ ಮಾತ್ರ ಸ್ವಲ್ಪ ಗದರಿಸ್ತೀನಿ. ವಿಟಮಿನ್ ತಾನೇ, ಜಾಸ್ತಿ ಆದ್ರೆ ಮೂತ್ರದಲ್ಲಿ ಹೋಗುತ್ತೆ ಅಂತಾರೆ. ಅಷ್ಟು ಸುಲಭ ಅಲ್ಲ. ಹೆಚ್ಚು ಡೋಸನ್ನ ತುಂಬಾ ದಿನ ತಗೊಂಡ್ರೆ ನರಕ್ಕೆ ಪೆಟ್ಟು, ಪಾದ ಜೋಮು, ಉರಿ, ನಡೆಯೋವಾಗ ತೂರಾಟ, ಇದು 1983ರಿಂದಲೇ ಗೊತ್ತಿರೋ ವಿಷ್ಯ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ದೊಡ್ಡವರಿಗೆ ದಿನದ ಮಿತಿಯನ್ನ 12 ಮಿಲಿಗ್ರಾಂಗೆ ಇಳಿಸಿದೆ, ಅದೇ ಪಿಎಂಎಸ್‌ಗೆ ಹಳೇ ಪ್ರಯೋಗಗಳಲ್ಲಿ ಕೊಡ್ತಿದ್ದಿದ್ದು 50, 100. ಮಲ್ಟಿವಿಟಮಿನ್ನಲ್ಲಿ ಸ್ವಲ್ಪ, ಮೆಗ್ನೀಷಿಯಂ ಮಾತ್ರೆಯಲ್ಲಿ ಸ್ವಲ್ಪ, ಪಿಎಂಎಸ್ ಕ್ಯಾಪ್ಸೂಲಲ್ಲಿ ಸ್ವಲ್ಪ ಅಂತ ಮೂರು ಡಬ್ಬಿಯ ಬಿ6 ಸೇರಿ ಎಷ್ಟಾಯ್ತು ಅಂತ ಯಾರೂ ಕೂಡಿಸಿ ನೋಡಲ್ಲ. ಸೇಂಟ್ ಜಾನ್ಸ್ ವರ್ಟ್ ಅನ್ನೋ ಮೂಲಿಕೆ ಇನ್ನೂ ಕಿಲಾಡಿ, ಗರ್ಭನಿರೋಧಕ ಮಾತ್ರೆಯ ಶಕ್ತಿನೇ ಕುಗ್ಗಿಸುತ್ತೆ, ಡಿಪ್ರೆಶನ್ ಮಾತ್ರೆ ಜೊತೆ ಸೇರಿದ್ರೆ ಅಪಾಯ.

ಇಷ್ಟೆಲ್ಲ ಮಾಡಿಯೂ ಚಾರ್ಟು ಕದಲದೆ ಇದ್ರೆ, ಪೀರಿಯಡ್ಸ್ ಮುಂಚಿನ ಎರಡು ವಾರ ಮಾತ್ರ ತಗೊಳ್ಳಬಹುದಾದ ಎಸ್‌ಎಸ್‌ಆರ್‌ಐ ಅನ್ನೋ ಮಾತ್ರೆಗಳಿವೆ (ಡಿಪ್ರೆಶನ್‌ಗೂ ಕೊಡೋ ಜಾತಿಯವು), ಪುರಾವೆ ಈ ಮೂಲಿಕೆಗಳಿಗಿಂತ ಎಷ್ಟೋ ಗಟ್ಟಿ. ಎಲ್ಲರಿಗೂ ಬೇಕು ಅಂತಲ್ಲ, ಎಲ್ಲರಿಗೂ ಆಗಿಬರಲ್ಲ. ಮತ್ತೆ, ಆ ದಿನಗಳಲ್ಲಿ ಸಾಯೋ ಯೋಚ್ನೆ ಬರ್ತಿದ್ರೆ ಚಾರ್ಟು ಗೀರ್ಟು ಎಲ್ಲಾ ಪಕ್ಕಕ್ಕಿಡಿ, ಎರಡು ತಿಂಗಳು ಕಾಯಬೇಡಿ, ಅವತ್ತೇ ಡಾಕ್ಟರ ಹತ್ರ ಹೋಗಿ, ಒಬ್ಬರೇ ಇರಬೇಡಿ.

ಉಳಿದವರು ಬರುವಾಗ ಚಾರ್ಟಿನ ಜೊತೆ ತಗೊಳ್ತಿರೋ ಎಲ್ಲಾ ಡಬ್ಬಿಗಳನ್ನೂ ತನ್ನಿ. ಮನೇಲಿ ಬಿಟ್ಟು ಬಂದು "ಹಸಿರು ಬಣ್ಣದ್ದು ಮೇಡಂ, ಉದ್ದಕ್ಕೆ ಇರುತ್ತಲ್ಲ" ಅನ್ನಬೇಡಿ. ಗಿಡಮೂಲಿಕೆ ಹೆಸರಲ್ಲಿ ಬರೋದೆಲ್ಲಾ ಹಸಿರೇ, ಎಲ್ಲಾ ಉದ್ದಕ್ಕೇ ಇರ್ತವೆ.