ಅರಳು ಮರಳಲ್ಲ, ಅದು ಡೆಲಿರಿಯಂ

ಹೀಗೊಂದು ಕೇಸ್ ಅಂದುಕೊಳ್ಳಿ. ನ್ಯುಮೋನಿಯಾ ಅಂತ ಸೋಮವಾರ ವಾರ್ಡಿಗೆ ಬಂದ ಅಜ್ಜ. ಬಂದಾಗ ಮಾತೆಲ್ಲ ಸರಿಯಾಗಿಯೇ ಇತ್ತು. ಬುಧವಾರ ರಾತ್ರಿ ಡ್ರಿಪ್ ಕಿತ್ತುಹಾಕಿ, "ಹಸು ಕಟ್ಟಬೇಕು, ಬಿಡ್ರೋ" ಅಂತ ಏಳುತ್ತಾರೆ. ಪಕ್ಕದ ಬೆಡ್ಡಿನವರು "ಅರವತ್ತಕ್ಕೆ ಅರಳು ಮರಳು" ಅಂದುಬಿಡುತ್ತಾರೆ. ನಾವೂ ಹಾಗೆ ಅಂದುಕೊಂಡರೆ ಕಾಯಿಲೆ ಕೈತಪ್ಪುತ್ತದೆ.

ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ತಿಂಗಳು, ವರ್ಷಗಳಲ್ಲಿ ನಿಧಾನಕ್ಕೆ ಬರುತ್ತದೆ. ಡೆಲಿರಿಯಂ, ಅಂದರೆ ದಿಢೀರನೆ ಬುದ್ಧಿ ಗಲಿಬಿಲಿಯಾಗುವುದು, ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ಬರುತ್ತದೆ. ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆಗೆ ಬೇರೆಯೇ ಆಗಿರುತ್ತಾರೆ. ಇದರ ಹಿಂದೆ ಸೋಂಕು, ನೀರಿನ ಕೊರತೆ, ಹೊಸ ಮಾತ್ರೆ, ನೋವು, ಮಲಬದ್ಧತೆ, ಕಟ್ಟಿಕೊಂಡ ಮೂತ್ರ, ಏನಾದರೂ ಇದ್ದೇ ಇರುತ್ತದೆ.

ಗುರುತಿಸಲು 1990ರಲ್ಲಿ ಬಂದ ಸಿ.ಎ.ಎಂ. (ಕನ್‌ಫ್ಯೂಷನ್ ಅಸೆಸ್‌ಮೆಂಟ್ ಮೆಥಡ್) ಎಂಬ ವಿಧಾನವಿದೆ. ದಿಢೀರನೆ ಶುರುವಾಗಿ ಏರಿಳಿಯುವುದು, ಗಮನ ನಿಲ್ಲದಿರುವುದು: ಈ ಎರಡೂ ಇರಲೇಬೇಕು. ಜೊತೆಗೆ ಮಾತು ತಾಳತಪ್ಪುವುದು ಅಥವಾ ಎಚ್ಚರದ ಮಟ್ಟ ಬದಲಾಗುವುದು, ಎರಡರಲ್ಲಿ ಒಂದು ಸಾಕು. ಗಮನ ನೋಡಲು ವಾರಗಳ ಹೆಸರನ್ನು ಶನಿವಾರದಿಂದ ಹಿಂದಕ್ಕೆ ಹೇಳಿಸಿ. ಅವರು ಶಾಲೆಗೆ ಹೋಗಿರದಿದ್ದರೂ ಇದು ನಡೆಯುತ್ತದೆ.

ಗಲಾಟೆ ಮಾಡುವವರು ಹೇಗೂ ಕಣ್ಣಿಗೆ ಬೀಳುತ್ತಾರೆ. ಗೋಡೆ ಕಡೆ ತಿರುಗಿ ತೂಕಡಿಸುತ್ತಾ, ಊಟ ಬಿಟ್ಟು ಸುಮ್ನೆ ಮಲಗಿರುವ ಅಜ್ಜಿಗೂ ಡೆಲಿರಿಯಂ ಇರಬಹುದು. "ಪಾಪ, ತೊಂದರೆನೇ ಕೊಡಲ್ಲ" ಅಂತ ಎಲ್ಲರೂ ಖುಷಿಪಡುತ್ತೇವೆ, ಅಲ್ವಾ? ತಪ್ಪಿಹೋಗುವುದು ಇಂಥವರೇ.

ಈಗ ತಡೆಯುವ ವಿಷಯ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ವೈದ್ಯೆ ಶ್ಯಾರನ್ ಇನೌಯೆ ಮತ್ತು ಸಂಗಡಿಗರು 70 ವರ್ಷ ಅಥವಾ ಅದಕ್ಕೂ ಹೆಚ್ಚಿನ ವಯಸ್ಸಿನ 852 ರೋಗಿಗಳನ್ನು ಗಮನಿಸಿ 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಂದಿನ ಆರೈಕೆ ಸಿಕ್ಕವರಲ್ಲಿ ನೂರಕ್ಕೆ 15 ಮಂದಿಗೆ ಡೆಲಿರಿಯಂ ಬಂತು. ವಿಶೇಷ ಆರೈಕೆಯಲ್ಲಿದ್ದವರಲ್ಲಿ ಅದು 9.9ಕ್ಕೆ ಇಳಿಯಿತು. ಆ ವಿಶೇಷವಾದರೂ ಏನು? ಕನ್ನಡಕ, ಕಿವಿಯ ಮೆಷಿನ್ ಕೈಗೆ ಸಿಗುವಂತಿಡುವುದು. ನೀರು ಕುಡಿಸುವುದು. ದಿನವೂ ನಡೆಸುವುದು. ಇವತ್ತು ಯಾವ ದಿನ, ಎಲ್ಲಿದ್ದೀರಿ ಅಂತ ನೆನಪಿಸುತ್ತಾ ಮಾತಾಡಿಸುವುದು. ನಿದ್ದೆಗೆ ಗುಳಿಗೆಯ ಬದಲು ಬಿಸಿ ಹಾಲು, ಬೆನ್ನು ನೀವುವುದು. ನಮ್ಮ ಮನೆಯ ಹಿರಿಯರಿಗೆ ಹೇಳಿದರೆ "ಇದಕ್ಕೂ ಓದಬೇಕಾ" ಅಂತ ನಗುತ್ತಾರೆ!

ಒಂದು ಮಾತು ಗೆರೆ ಎಳೆದು ಬರೆದುಕೊಳ್ಳಿ: ಡೆಲಿರಿಯಂ ಒಮ್ಮೆ ಶುರುವಾದ ಮೇಲೆ ಅದರ ತೀವ್ರತೆ ಈ ಆರೈಕೆಯಿಂದ ಅಷ್ಟಾಗಿ ತಗ್ಗಲಿಲ್ಲ. ಹಾಗಾಗಿ ಕೆಲಸ ಅಡ್ಮಿಟ್ ಆದ ದಿನವೇ ಶುರುವಾಗಬೇಕು. ಕೈ ಕಟ್ಟಿಹಾಕಿದರೆ ಗಾಬರಿ ಜಾಸ್ತಿಯಾಗುತ್ತದೆ. ಬೇಡದ ಕ್ಯಾತಿಟರ್ (ಮೂತ್ರದ ನಳಿಕೆ) ಕೂಡ ಒಂಥರಾ ಕಟ್ಟಿಹಾಕಿದಂತೆಯೇ.

ವೃದ್ಧಾಶ್ರಮದಲ್ಲಿ ಕೆಲಸ ಸಿಕ್ಕವರಿಗೆ ಒಂದು ಅನುಕೂಲವಿದೆ. ಅಲ್ಲಿನವರನ್ನು ದಿನಾ ನೋಡುತ್ತೀರಿ. "ನಿನ್ನೆಗಿಂತ ಇವತ್ತು ಬೇರೆ ಥರ ಇದ್ದಾರೆ" ಅಂತ ಅಡುಗೆಯವರು ಹೇಳಿದರೂ ಅದನ್ನು ಬರೆದಿಟ್ಟು, ಆವತ್ತೇ ಡಾಕ್ಟರಿಗೆ ತಿಳಿಸಿ.