ರೊಸೇಶಿಯಾ ಎಂದರೇನು? ಬಿಸಿಲ ನಾಡಿನವರಿಗೆ ಒಂದು ಪರಿಚಯ

ರೊಸೇಶಿಯಾ ಮುಖದ ನಡುಭಾಗಕ್ಕೆ ಬರುವ, ವರ್ಷಗಟ್ಟಲೆ ಉಳಿಯುವ ಚರ್ಮದ ಉರಿಯೂತ. ಎರಡೂ ಕೆನ್ನೆ, ಮೂಗು, ಗದ್ದ, ಹಣೆಯ ಮಧ್ಯ, ಹೆಚ್ಚಾಗಿ ಇಷ್ಟೇ ಜಾಗ. ಶುರುವಿನಲ್ಲಿ ಮುಖ ಇದ್ದಕ್ಕಿದ್ದಂತೆ ಬಿಸಿಯಾಗಿ ಕೆಂಪೇರುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಹೀಗೆ ಬಂದು ಹೋಗುತ್ತಿದ್ದ ಕೆಂಪು ಆಮೇಲಾಮೇಲೆ ಇಳಿಯುವುದೇ ಇಲ್ಲ. ಕೆಲವರಿಗೆ ಕೆನ್ನೆಯ ಮೇಲೆ ಸಣ್ಣ ಎಳೆಗಳಂಥ ರಕ್ತನಾಳ ಕಾಣುತ್ತವೆ. ಕೆಲವರಿಗೆ ಗುಳ್ಳೆ, ಕೀವುಗುಳ್ಳೆ ಏಳುತ್ತವೆ. ಸಾಮಾನ್ಯವಾಗಿ 30 ವರ್ಷ ದಾಟಿದವರಲ್ಲಿ ಕಾಣಿಸಿಕೊಳ್ಳುತ್ತದೆ. ಹೆಂಗಸರಲ್ಲಿ ಜಾಸ್ತಿ.

ಗುಳ್ಳೆ ನೋಡಿ ಇದನ್ನು ಮೊಡವೆ ಅಂದುಕೊಳ್ಳುವವರು ತುಂಬಾ ಜನ. ಮೊಡವೆ ಇರುವ ಮುಖದಲ್ಲಿ ಬ್ಲ್ಯಾಕ್‌ಹೆಡ್, ವೈಟ್‌ಹೆಡ್ ಇರುತ್ತವೆ. ಬರೀ ರೊಸೇಶಿಯಾ ಆಗಿದ್ದರೆ ಅವು ಇರುವುದಿಲ್ಲ. ಬಂಗು ಕೂಡ ಬೇರೆಯೇ. ಅದು ಕಂದು ಬಣ್ಣದ ಕಲೆ, ಉರಿಯುವುದಿಲ್ಲ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಪುಸ್ತಕದಲ್ಲಿ, ಮೊಬೈಲಿನಲ್ಲಿ ಸಿಗುವ ರೊಸೇಶಿಯಾದ ಚಿತ್ರಗಳಲ್ಲಿ ಹೆಚ್ಚಿನವು ಬೆಳ್ಳನೆಯ ಮುಖಗಳವು. ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮದಲ್ಲಿ ಆ ಗುಲಾಬಿ ಕೆಂಪು ಅಷ್ಟಾಗಿ ಕಾಣುವುದಿಲ್ಲ. ಮುಖ ಕಂದಿದಂತೆ, ಹೊಗೆ ಹಿಡಿದಂತೆ ಕಾಣಬಹುದು, ಅಷ್ಟೇ. ಹಾಗಾಗಿ "ಇದು ಬಿಳಿಯರ ಕಾಯಿಲೆ, ನಮಗೆಲ್ಲಿ ಬರುತ್ತೆ" ಎಂಬ ಮಾತು ಹುಟ್ಟಿಕೊಂಡಿದೆ. ಅದು ತಪ್ಪು. ನಮಗೂ ಬರುತ್ತದೆ, ಗೊತ್ತಾಗುವುದು ತಡ. ಆದ್ದರಿಂದ ಕನ್ನಡಿಗಿಂತ ಮುಖಕ್ಕೇ ಜಾಸ್ತಿ ಗಮನ ಕೊಡಿ. ಕೆನ್ನೆ ಕಾದಂತೆ ಆಗುತ್ತದಾ? ಸೋಪು ಹಚ್ಚಿದರೆ, ಕ್ರೀಮು ಸವರಿದರೆ ಚುರುಗುಟ್ಟುತ್ತದಾ? ಚರ್ಮ ಒರಟಾಗಿ, ಬಿಗಿದುಕೊಂಡಂತೆ ಇದೆಯಾ? ಇವನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ನೋಡಿದ ಮಾತ್ರಕ್ಕೆ ಅವರಿಗೆ ಉರಿ ಕಾಣುವುದಿಲ್ಲ ಅಲ್ವಾ.

ಯಾಕೆ ಬರುತ್ತದೆ ಎಂಬುದಕ್ಕೆ ಒಂದೇ ಕಾರಣ ಇಲ್ಲ. ಮನೆತನದಲ್ಲಿ ಇದ್ದರೆ ಬರುವ ಸಾಧ್ಯತೆ ಹೆಚ್ಚು. ಚರ್ಮದ ರಕ್ಷಣಾ ವ್ಯವಸ್ಥೆ ಸಣ್ಣ ಸಣ್ಣದಕ್ಕೂ ಜೋರಾಗಿ ಪ್ರತಿಕ್ರಿಯಿಸುತ್ತದೆ. ದೊಡ್ಡವರೆಲ್ಲರ ಮುಖದ ಮೇಲೂ ಇರುವ, ಕಣ್ಣಿಗೆ ಕಾಣದ ಡೆಮೊಡೆಕ್ಸ್ ಎಂಬ ನುಸಿ ಇವರ ಮುಖದಲ್ಲಿ ಹೆಚ್ಚಾಗಿರುತ್ತದೆ. ಇದರಲ್ಲಿ ಕೊಳಕಿನ ಪ್ರಶ್ನೆ ಇಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ.

ಬಳ್ಳಾರಿ, ರಾಯಚೂರು, ಕೊಪ್ಪಳದವರು ಮುಖ್ಯವಾಗಿ ತಿಳಿಯಬೇಕಾದದ್ದು ಬಿಸಿಯ ವಿಚಾರ. ನಮ್ಮ ನರಗಳ ತುದಿಯಲ್ಲಿ ಟಿಆರ್‌ಪಿವಿ1 ಎಂಬ, ಬಾಗಿಲಿನಂತೆ ಕೆಲಸ ಮಾಡುವ ಒಂದು ಪ್ರೋಟೀನ್ ಇದೆ. ಸುಡುವ ಶಾಖ ತಾಗಿದರೂ ಅದು ತೆರೆಯುತ್ತದೆ, ಮೆಣಸಿನಕಾಯಿಯ ಖಾರ ತಾಗಿದರೂ ಅದೇ ತೆರೆಯುತ್ತದೆ. ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಇದನ್ನು ಕಂಡುಹಿಡಿಯಿತು. ಈ ಕೆಲಸಕ್ಕಾಗಿ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಬಂತು. ರೊಸೇಶಿಯಾ ಇರುವವರ ಚರ್ಮದಲ್ಲಿ ಈ ಬಾಗಿಲುಗಳು ತೀರಾ ಚುರುಕು. ತೆರೆದ ಕೂಡಲೇ ರಕ್ತನಾಳ ಹಿಗ್ಗುತ್ತವೆ, ಮುಖ ಕಾಯುತ್ತದೆ.

ಈಗ ನಮ್ಮ ದಿನವನ್ನು ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಎದ್ದರೆ ಹಂಚಿನ ಮುಂದೆ ಬಗ್ಗಿ ಜೋಳದ ರೊಟ್ಟಿ ಬಡಿಯಬೇಕು. ಊಟಕ್ಕೆ ಕೆಂಪು ಖಾರ, ಸಂಜೆಗೆ ಒಗ್ಗರಣಿ ಮಿರ್ಚಿ, ಮೇಲೆ ಕುದಿಯುವ ಚಹಾ. ತೋರಣಗಲ್ಲಿನ ಉಕ್ಕಿನ ಕುಲುಮೆ ಹತ್ತಿರ, ಬಳ್ಳಾರಿಯ ಜೀನ್ಸ್ ಘಟಕಗಳ ಇಸ್ತ್ರಿ ಮೇಜಿನ ಮುಂದೆ ನಿಲ್ಲುವವರಿಗೆ ಇಡೀ ದಿನ ಬಿಸಿಯೇ. ಬಿಸಿಲು, ಒಲೆ, ಖಾರ, ಬಿಸಿ ಪಾನೀಯ, ಮದ್ಯ, ಮನಸ್ಸಿನ ಒತ್ತಡ, ಬಿರುಗಾಳಿ, ಇವೆಲ್ಲ ರೊಸೇಶಿಯಾ ಕೆರಳಿಸುತ್ತವೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಅವುಗಳಲ್ಲಿ ಅರ್ಧಕ್ಕರ್ಧ ನಮ್ಮ ಮಾಮೂಲಿ ಬದುಕು!

ಹಾಗಂತ ಎಲ್ಲವನ್ನೂ ಬಿಡಬೇಕಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕಾರಣ ಇರುತ್ತದೆ. ಎರಡು ಮೂರು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವಾಗ ಮುಖ ಕಾಯಿತು, ಅದಕ್ಕೆ ಮುಂಚೆ ಏನು ತಿಂದಿರಿ, ಎಲ್ಲಿದ್ದಿರಿ. ನಿಮ್ಮ ಕಾರಣ ಅದರಲ್ಲೇ ಸಿಗುತ್ತದೆ. ಚಹಾ ಆಗದಿದ್ದರೆ ಆರಿಸಿ ಕುಡಿದು ನೋಡಿ. ಬಹಳ ಜನರಿಗೆ ತೊಂದರೆ ಕೊಡುವುದು ಅದರ ಬಿಸಿ. ಖಾರ ಆಗದಿದ್ದರೆ ಗುಂಟೂರು ಕಡಿಮೆ ಮಾಡಿ ಬ್ಯಾಡಗಿ ಹೆಚ್ಚು ಹಾಕಿ. ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ, ಸಾರು ಸಪ್ಪೆ ಅನ್ನಿಸುವುದಿಲ್ಲ. ರೊಟ್ಟಿ ಕೆಲಸವನ್ನು ಹೊತ್ತು ಏರುವ ಮುಂಚೆ ಮುಗಿಸಿ, ಕಿಟಕಿ ತೆರೆದಿಡಿ, ನಡುವೆ ಎದ್ದು ಒದ್ದೆ ಬಟ್ಟೆಯನ್ನು ಕತ್ತಿಗೆ, ಮುಖಕ್ಕೆ ಇಟ್ಟುಕೊಳ್ಳಿ. ಮನೆಯಲ್ಲಿ ಬೇರೆಯವರೂ ಹಂಚಿನ ಮುಂದೆ ಕೂರಲಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಮನೆಯ ಹೆಣ್ಣುಮಗಳ ಮುಖ ಉರಿಯುತ್ತಿರುವಾಗ 40 ರೊಟ್ಟಿ ಅವಳೊಬ್ಬಳೇ ಬಡಿಯಬೇಕು ಎಂಬುದು ಸರಿಯಲ್ಲ.

ಇನ್ನು ಮೆಡಿಕಲ್ ಶಾಪಿನ ಟ್ಯೂಬಿನ ವಿಚಾರ. ಮುಖ ಕೆಂಪಾಯಿತು ಅಂದ ಕೂಡಲೇ ಅಂಗಡಿಗೆ ಹೋಗಿ "ಒಂದು ಮುಲಾಮು ಕೊಡಿ" ಅನ್ನುತ್ತೇವೆ. ಕೈಗೆ ಬರುವ ಟ್ಯೂಬಿನಲ್ಲಿ ಎಷ್ಟೋ ಸಲ ಸ್ಟೀರಾಯ್ಡ್, ಅಂದರೆ ಉರಿಯೂತವನ್ನು ಬೇಗ ಅದುಮುವ ಔಷಧಿ, ಇರುತ್ತದೆ. ಹುಳುಕಡ್ಡಿಗೆ ಕೊಡುವ ಮಿಶ್ರಣದಲ್ಲೂ ಇರುತ್ತದೆ, ಮುಖ ಬೆಳ್ಳಗಾಗಲಿ ಎಂದು ಹಚ್ಚುವ ಕೆಲವು ಕ್ರೀಮುಗಳಲ್ಲೂ ಇರುತ್ತದೆ. ಹಚ್ಚಿದ ಕೆಲವೇ ದಿನದಲ್ಲಿ ಕೆಂಪು ಇಳಿದು ಮುಖ ನುಣುಪಾಗುತ್ತದೆ. ಬಿಟ್ಟರೆ ಮೊದಲಿಗಿಂತ ಜೋರಾಗಿ ಏಳುತ್ತದೆ, ಮತ್ತೆ ಹಚ್ಚುತ್ತೇವೆ. ತಿಂಗಳುಗಟ್ಟಲೆ ಹೀಗೆ ನಡೆದರೆ ಚರ್ಮ ತೆಳ್ಳಗಾಗುತ್ತದೆ, ರಕ್ತನಾಳ ಎದ್ದು ಕಾಣುತ್ತವೆ. ರೊಸೇಶಿಯಾ ಇಲ್ಲದವರಿಗೂ ಅಂಥದ್ದೇ ತೊಂದರೆ ಶುರುವಾಗುತ್ತದೆ. ಭಾರತದ ಚರ್ಮವೈದ್ಯರು ಇದನ್ನು ಎಷ್ಟು ಕಂಡಿದ್ದಾರೆಂದರೆ, ಸ್ಟೀರಾಯ್ಡ್ ಹಚ್ಚಿ ಹಾಳಾದ ಮುಖಕ್ಕೆ ಪ್ರತ್ಯೇಕ ಹೆಸರನ್ನೇ ಇಟ್ಟಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಈಗಾಗಲೇ ಬಹಳ ದಿನದಿಂದ ಹಚ್ಚುತ್ತಿದ್ದರೆ ಚರ್ಮವೈದ್ಯರ ಬಳಿ ಹೋಗಿ, ಅವರು ಹೇಳಿದ ರೀತಿಯಲ್ಲೇ ಬಿಡಿಸಿಕೊಳ್ಳಿ.

ನಿಂಬೆರಸ, ಟೂತ್‌ಪೇಸ್ಟ್, ಸ್ಕ್ರಬ್, ಬ್ಲೀಚ್, ಮುಖಕ್ಕೆ ಹಬೆ ಹಿಡಿಯುವುದು, ಇವೂ ಬೇಡ. ಮನೆಮದ್ದು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೆ ಉರಿಯುವ ಚರ್ಮಕ್ಕೆ ಉಜ್ಜಾಟ ಆಗುವುದಿಲ್ಲ. ವಾಸನೆ ಇಲ್ಲದ ಮೃದುವಾದ ಫೇಸ್‌ವಾಶ್, ಉಗುರುಬೆಚ್ಚಗಿನ ನೀರು, ಸರಳವಾದ ಮಾಯಿಶ್ಚರೈಸರ್, ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್, ಇಷ್ಟು ಸಾಕು. ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಸಾಮಾನ್ಯವಾಗಿ ಕಡಿಮೆ ಉರಿಯುತ್ತದೆ. ಹೊಲದಲ್ಲಿ, ರಸ್ತೆಯಲ್ಲಿ ಇರುವಾಗ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಛತ್ರಿ, ಅಗಲ ಅಂಚಿನ ಟೋಪಿ, ತಲೆಗೆ ಬಿಳಿ ಟವೆಲ್ ಇದ್ದರೆ ಇನ್ನೂ ಒಳ್ಳೆಯದು.

ಔಷಧಿ ಇದೆ. ಗುಳ್ಳೆಗೆ ಮೆಟ್ರೊನಿಡಜೋಲ್, ಅಜೆಲಾಯಿಕ್ ಆಸಿಡ್, ಐವರ್‌ಮೆಕ್ಟಿನ್ ಎಂಬ ಹಚ್ಚುವ ಮದ್ದುಗಳು, ಜಾಸ್ತಿ ಇದ್ದರೆ ಡಾಕ್ಸಿಸೈಕ್ಲಿನ್ ಮಾತ್ರೆ. ಎದ್ದು ಕಾಣುವ ರಕ್ತನಾಳಕ್ಕೆ ಲೇಸರ್. ಗರ್ಭಿಣಿ ಆಗಿದ್ದರೆ ಅಥವಾ ಆಗುವ ಯೋಚನೆ ಇದ್ದರೆ ಮೊದಲೇ ಹೇಳಿ, ಕೆಲವು ಮಾತ್ರೆಗಳನ್ನು ಆಗ ಕೊಡುವಂತಿಲ್ಲ. ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ಪೂರ್ತಿ ಹೋಗುವ ಕಾಯಿಲೆ ಇದಲ್ಲ, ಆದರೆ ಚೆನ್ನಾಗಿ ಹಿಡಿತಕ್ಕೆ ಬರುತ್ತದೆ.

ಕಣ್ಣಿಗೂ ಬರುತ್ತದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಕಣ್ಣಲ್ಲಿ ಮರಳು ಬಿದ್ದಂತೆ ಚುಚ್ಚುವುದು, ಕೆಂಪಾಗುವುದು, ರೆಪ್ಪೆಯ ಅಂಚಿನಲ್ಲಿ ಪದೇ ಪದೇ ಕುರು ಏಳುವುದು. ಸಂಡೂರಿನ ಗಣಿ ಸೀಮೆಯಲ್ಲಿ ಇದನ್ನು ಧೂಳಿನ ಲೆಕ್ಕಕ್ಕೆ ಹಾಕಿ ಸುಮ್ನೆ ಇರುವುದು ಸುಲಭ. ಬೆಳಕು ನೋಡಲಾಗದಿದ್ದರೆ, ದೃಷ್ಟಿ ಮಂಜಾದರೆ ತಡ ಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಗಂಡಸರಲ್ಲಿ ಕೆಲವರಿಗೆ ಮೂಗಿನ ಚರ್ಮ ದಪ್ಪಗಾಗಿ ಊದಿಕೊಳ್ಳುತ್ತದೆ. ಅಂಥವರನ್ನು ಕುಡುಕರು ಎಂದು ಆಡಿಕೊಳ್ಳುತ್ತಾರೆ. ಜೀವನದಲ್ಲಿ ಒಂದು ಹನಿ ಮುಟ್ಟದವರಿಗೂ ಇದು ಬರುತ್ತದೆ. ಆ ಮಾತು ಎಷ್ಟು ನೋಯಿಸುತ್ತದೆ ಎಂದು ಆಡುವವರಿಗೆ ಗೊತ್ತಿರಲಿ.

ಕೆನ್ನೆ ಕೆಂಪಿನ ಜೊತೆಗೆ ಕೀಲು ನೋವು, ಜ್ವರ, ಬಾಯಿಹುಣ್ಣು, ಕೂದಲು ಉದುರುವುದು ಇದ್ದರೆ ಅದು ಲೂಪಸ್ ಎಂಬ ಬೇರೆ ಕಾಯಿಲೆಯೂ ಇರಬಹುದು, ರಕ್ತ ಪರೀಕ್ಷೆ ಬೇಕಾಗುತ್ತದೆ. ಬಳ್ಳಾರಿಯ ಬಿಎಂಸಿಆರ್‌ಸಿ (ಮೊದಲಿನ ವಿಮ್ಸ್), ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳೇ, ಚರ್ಮರೋಗ ವಿಭಾಗದಲ್ಲಿ ತೋರಿಸಬಹುದು. ಹೋಗುವಾಗ ಇಲ್ಲಿವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾಗಿದ್ದರೂ, ಚೀಲದಲ್ಲಿ ಹಾಕಿಕೊಂಡು ಹೋಗಿ. ಮುಖ ಕಾದಾಗ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಬೆಳಗಿನ ತಂಪಿನಲ್ಲಿ ವೈದ್ಯರ ಮುಂದೆ ಕೂತಾಗ ಮುಖ ಇಳಿದಿರುತ್ತದೆ, ಆಗ ಆ ಫೋಟೋ ಕೆಲಸಕ್ಕೆ ಬರುತ್ತದೆ.