ಕಗ್ಗ ಭತ್ತ ಉಪ್ಪು ತಾಳುತ್ತದೆ, ಆದರೆ ಒಂಟಿಯಾಗಿ ಅಲ್ಲ

"ಉಪ್ಪು ನೀರಲ್ಲೂ ಬೆಳೆಯೋ ಭತ್ತ ಇದೆಯಂತಲ್ಲ, ಬೀಜ ಎಲ್ಲಿ ಸಿಗುತ್ತೆ?" ಮಣ್ಣು ಪರೀಕ್ಷೆಯ ಕೆಲಸದಲ್ಲಿರುವ ನನಗೆ ಈ ಪ್ರಶ್ನೆ ಈಚೆಗೆ ಜಾಸ್ತಿ ಬರುತ್ತಿದೆ. ಸಮುದ್ರ ಏರುತ್ತಿದೆ, ಕರಾವಳಿಯ ಗದ್ದೆಗೆ ಉಪ್ಪು ನುಗ್ಗುತ್ತಿದೆ, ಹಾಗಾದರೆ ಉಪ್ಪು ತಾಳುವ ತಳಿ ತಂದು ಬಿತ್ತಿದರೆ ಮುಗಿಯಿತಲ್ಲ ಎನ್ನುವ ಲೆಕ್ಕ. ಬೀಜ ಇದೆ. ಉತ್ತರ ಕನ್ನಡದ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಸಮುದ್ರ ಸೇರುವ ಅಳಿವೆಯ ಗಜನಿಗಳಲ್ಲಿ ಇದೆ. ಹೆಸರು ಕಗ್ಗ. ಆದರೆ ಒಂದು ಚೀಲ ಬೀಜ ಒಯ್ದು ಬೇರೆ ಊರಿನ ಉಪ್ಪು ಗದ್ದೆಗೆ ಸುಮ್ನೆ ಎರಚಿದರೆ ಸಸಿ ಸಾಯುವ ಸಾಧ್ಯತೆಯೇ ಜಾಸ್ತಿ.

ಕಾರಣ ಹೇಳಬೇಕಾದರೆ ಮೊದಲು ಗಜನಿ ಹೇಗೆ ನಡೆಯುತ್ತದೆ ಎಂದು ಹೇಳಬೇಕು.

ಉಬ್ಬರಕ್ಕೆ ಮುಳುಗಿ ಇಳಿತಕ್ಕೆ ಕೆಸರು ತೋರಿಸುವ ತಗ್ಗು ಜಾಗ ಗಜನಿ. ಮಾಣಿಕಟ್ಟಾ, ಹೆಗಡೆ, ಮಾಸೂರು, ಕಾಗಾಲ, ಹಿರೇಗುತ್ತಿ ಕಡೆ ಹೋದರೆ ನೂರಾರು ಎಕರೆ ಒಂದೇ ಹರವಿನಲ್ಲಿ ಕಾಣುತ್ತದೆ, ನಡುವೆ ನಮ್ಮ ಬಯಲುಸೀಮೆಯ ಹಾಗೆ ಎದ್ದು ಕಾಣುವ ಬದುಗಳೂ ಇಲ್ಲ. ಇದರ ಹೊರಸುತ್ತಿಗೆ ಮಣ್ಣಿನ ಕಟ್ಟು. ಕಟ್ಟಿನಲ್ಲಿ ಅಲ್ಲಲ್ಲಿ ಹಲಗೆಯ ಜಂತ್ರ ಬಾಗಿಲು. ಹೊರಗೆ ನೀರು ಇಳಿದಾಗ ತೆಗೆದರೆ ಒಳಗಿನ ನೀರು ಹೋಗುತ್ತದೆ, ಉಬ್ಬರ ಬಂದಾಗ ಮುಚ್ಚಿದರೆ ಉಪ್ಪು ನೀರು ಹೊರಗೇ ಉಳಿಯುತ್ತದೆ. ಯಂತ್ರ ಇಷ್ಟೇ. ಉಳಿದದ್ದೆಲ್ಲ ಯಾವಾಗ ತೆಗೆಯಬೇಕು, ಯಾವಾಗ ಮುಚ್ಚಬೇಕು ಎನ್ನುವ ತಿಳಿವಳಿಕೆ, ಮತ್ತು ಅದನ್ನು ಊರಿನವರೆಲ್ಲ ಒಪ್ಪುವುದು.

ಮಳೆಗಾಲಕ್ಕೆ ಮೊದಲು ಗಜನಿಯ ನೀರು ಬಸಿದು ಬಾಗಿಲು ಹಾಕುತ್ತಾರೆ. ಜೂನ್ ಮಳೆ ಬಿದ್ದು ಮೇಲ್ಮಣ್ಣಿನ ಉಪ್ಪನ್ನು ತೊಳೆಯುತ್ತದೆ. ಆ ತೊಳೆದ ನೀರನ್ನು ಇಳಿತದ ಹೊತ್ತಿಗೆ ಹೊರಗೆ ಬಿಟ್ಟು, ಮತ್ತೆ ಬಾಗಿಲು ಹಾಕಿ, ಮತ್ತೆ ಮಳೆ ನೀರು ಹಿಡಿದು, ಹೀಗೆ ಕೆಲವು ಸಲ ಆದ ಮೇಲೆ ಮೊಳಕೆ ಬಂದ ಬೀಜ ಬೀಳುತ್ತದೆ. ಮುಂದೆ ಗೊಬ್ಬರವಿಲ್ಲ, ಔಷಧಿ ಇಲ್ಲ. ಆಳೆತ್ತರಕ್ಕೆ ಹತ್ತಿರ ಬೆಳೆಯುವ ಈ ಭತ್ತ ಕೆಲವು ದಿನ ಪೂರ್ತಿ ಮುಳುಗಿದರೂ ಮತ್ತೆ ಎದ್ದು ನಿಲ್ಲುತ್ತದೆ. ಅಕ್ಟೋಬರ್ ನಂತರ ನೀರಿನಲ್ಲೇ ನಿಂತು ತೆನೆ ಮಾತ್ರ ಕೊಯ್ದುಕೊಂಡು ಹುಲ್ಲನ್ನು ಅಲ್ಲೇ ಬಿಡುತ್ತಾರೆ. ಆಮೇಲೆ ಬಾಗಿಲು ತೆರೆದು ಉಬ್ಬರದ ನೀರನ್ನು ಒಳಗೆ ಕರೆಯುತ್ತಾರೆ, ಅದರ ಜೊತೆ ಸಿಗಡಿ ಮರಿ, ಏಡಿ, ಮೀನು ಎಲ್ಲ ಬರುತ್ತವೆ. ಕೊಳೆಯುವ ಹುಲ್ಲಿನ ಮೇಲೆ ಬೆಳೆಯುವ ಸಣ್ಣ ಜೀವಿಗಳನ್ನು ಅವು ತಿನ್ನುತ್ತವೆ, ಅವುಗಳ ಹಿಕ್ಕೆ ಮುಂದಿನ ಭತ್ತಕ್ಕೆ ಗೊಬ್ಬರ. ಅರ್ಧ ವರ್ಷ ಗದ್ದೆ, ಅರ್ಧ ವರ್ಷ ಮೀನುಕೆರೆ. ಕೇರಳದ ಪೊಕ್ಕಾಳಿ ಗದ್ದೆಗಳಲ್ಲೂ ಹೆಚ್ಚುಕಮ್ಮಿ ಇದೇ ಕ್ರಮ.

ಈಗ ಉಪ್ಪಿನ ಲೆಕ್ಕಕ್ಕೆ ಬರೋಣ. ಮಣ್ಣಿನ ಉಪ್ಪನ್ನು ನಾವು ವಿದ್ಯುತ್ ವಾಹಕತೆಯಲ್ಲಿ ಅಳೆಯುತ್ತೇವೆ, ಮೂಲಮಾನ ಮೀಟರಿಗೆ ಇಷ್ಟು ಡೆಸಿಸೀಮೆನ್ಸ್ ಎಂದು. ಸಾಮಾನ್ಯ ಭತ್ತಕ್ಕೆ 3ರ ತನಕ ಪರವಾಗಿಲ್ಲ. ಅದನ್ನು ದಾಟಿದರೆ ಒಂದೊಂದು ಅಂಕಕ್ಕೆ ಸುಮಾರು ಶೇ 12ರಷ್ಟು ಇಳುವರಿ ಹೋಗುತ್ತದೆ. ಸಮುದ್ರದ ನೀರು ಸುಮಾರು 50. ಕಗ್ಗದಂತಹ ತಳಿಗಳು ಸಾಮಾನ್ಯ ಭತ್ತ ಕೈಬಿಡುವ ಮಟ್ಟವನ್ನು ದಾಟಿಯೂ ಬದುಕುತ್ತವೆ, ನಿಜ. ಉಪ್ಪು ತಾಳುವ ಭತ್ತಗಳ ಗುಟ್ಟು ಏನೆಂದರೆ, ಬೇರಿನಿಂದ ಮೇಲೇರುವ ಸೋಡಿಯಂ ಅನ್ನು ದಾರಿಯಲ್ಲೇ ತಡೆದು ಎಲೆಗೆ ಕಮ್ಮಿ ಬಿಡುತ್ತವೆ. ಪೊಕ್ಕಾಳಿ ಭತ್ತದಲ್ಲಿ ಈ ಕೆಲಸಕ್ಕೆ ಕಾರಣವಾದ ಜೀನುಗಳ ಜಾಗವನ್ನು ವಿಜ್ಞಾನಿಗಳು 1ನೇ ವರ್ಣತಂತುವಿನಲ್ಲಿ ಗುರುತಿಸಿ ಸಾಲ್ಟಾಲ್ ಎಂದು ಕರೆದಿದ್ದಾರೆ. ಅದನ್ನು ಬೇರೆ ತಳಿಗಳಿಗೆ ಸೇರಿಸುವ ಕೆಲಸವೂ ನಡೆದಿದೆ, ಒಳ್ಳೆಯ ಕೆಲಸ. ಆದರೆ ಭತ್ತ ಜೀವನವಿಡೀ ಒಂದೇ ರೀತಿ ಉಪ್ಪು ತಾಳುವುದಿಲ್ಲ. ಮೊಳಕೆ ಒಡೆಯುವಾಗ ಗಟ್ಟಿ, ಎಳೆ ಸಸಿ ಆಗಿದ್ದಾಗ ಬಹಳ ನಾಜೂಕು, ನಡುವೆ ಗಟ್ಟಿ, ಹೂ ಬಿಡುವಾಗ ಮತ್ತೆ ನಾಜೂಕು. ಆ ಎರಡು ನಾಜೂಕಿನ ಹೊತ್ತಿನಲ್ಲಿ ಉಪ್ಪು ಕಮ್ಮಿ ಇರುವಂತೆ ನೋಡಿಕೊಳ್ಳುವುದು ಜೀನ್ ಅಲ್ಲ. ಮಳೆ, ಕಟ್ಟು ಮತ್ತು ಬಾಗಿಲು.

ಒಮ್ಮೆ ಮೀಟರ್ ಹಿಡಿದು ಗಜನಿಯಲ್ಲಿ ನಡೆದರೆ ಇದು ಎದುರಿಗೇ ಕಾಣುತ್ತದೆ. ಕಟ್ಟಿನ ಬುಡದಲ್ಲಿ ತೆಗೆದ ಮಣ್ಣಿಗೂ ನಾಲ್ಕು ಮಾರು ಒಳಗೆ ತೆಗೆದ ಮಣ್ಣಿಗೂ ಮೀಟರಿನ ಅಂಕಿ ಬೇರೆ ಬೇರೆ. ಎಲ್ಲಿ ಏಡಿ ಬಿಲ ಕೊರೆದಿದೆಯೋ ಅಲ್ಲಿ ಹೊರಗಿನ ನೀರು ಸಣ್ಣಗೆ ಜಿನುಗಿ ಒಂದು ನಾಲಿಗೆಯಾಕಾರದ ಪಟ್ಟಿ ಮಾಡಿರುತ್ತದೆ. ಆ ಪಟ್ಟಿಯಲ್ಲಿ ಸಸಿಯ ಎಲೆ ತುದಿ ಬಿಳಿಚಿ ಸುರುಟಿಕೊಂಡಿರುತ್ತದೆ, ಎರಡು ಹೆಜ್ಜೆ ಆಚೆ ಹಸಿರಾಗಿರುತ್ತದೆ. ನನ್ನ ಜೊತೆ ಬಂದಿದ್ದ ಹಿರಿಯ ರೈತರೊಬ್ಬರು ಮೀಟರ್ ನೋಡಲೇ ಇಲ್ಲ. ನೀರನ್ನು ಬೆರಳಲ್ಲಿ ಅದ್ದಿ ನಾಲಿಗೆಗೆ ಮುಟ್ಟಿಸಿ, "ಇನ್ನೊಂದು ದೊಡ್ಡ ಮಳೆ ಬೇಕು, ಆಮೇಲೆ ಬೀಜ" ಎಂದರು. ಮೀಟರ್ ಹೇಳಿದ್ದೂ ಅದನ್ನೇ.

ಆ "ಇನ್ನೊಂದು ದೊಡ್ಡ ಮಳೆ" ಯಾವಾಗ ಬರುತ್ತದೆ ಎನ್ನುವುದೇ ಈಗಿನ ತಕರಾರು.

ಕರಾವಳಿಗೆ ಮಳೆ ಕಮ್ಮಿ ಆಗಿದೆ ಎಂದಲ್ಲ. ಕುಮಟಾದಂತಹ ಜಾಗದಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಸುರಿಯುತ್ತದೆ. ಸುರಿಯುವ ರೀತಿ ಬದಲಾಗಿದೆ. 2023ರಲ್ಲಿ ಮುಂಗಾರು ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ, ಅದೇ ಹೊತ್ತಿಗೆ ಅರಬ್ಬಿ ಸಮುದ್ರದಲ್ಲಿ ಬಿಪರ್‌ಜಾಯ್ ಚಂಡಮಾರುತ ಎದ್ದು ಮೋಡಗಳನ್ನೆಲ್ಲ ತನ್ನ ಕಡೆ ಎಳೆದುಕೊಂಡಿತು. ಜೂನ್ ಸೊರಗಿತು. ಆ ವರ್ಷದ ಆಗಸ್ಟ್ ಇಡೀ ದೇಶಕ್ಕೆ 1901ರಿಂದ ಈಚೆಗೆ ಅತ್ಯಂತ ಒಣ ಆಗಸ್ಟ್. ಅದಕ್ಕೆ ಮೊದಲು 2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ಉತ್ತರ ಕನ್ನಡದ ಹೊಳೆಗಳು ಉಕ್ಕಿ ಊರುಗಳಿಗೆ ನುಗ್ಗಿದ್ದವು. ಒಂದು ವರ್ಷ ತೊಳೆಯಲು ನೀರಿಲ್ಲ, ಇನ್ನೊಂದು ವರ್ಷ ಕಟ್ಟೇ ಒಡೆಯುವಷ್ಟು ನೀರು. ಮಧ್ಯೆ ಹದಿನೈದು ದಿನ ಮಳೆ ಬಿಡುವು ಕೊಟ್ಟರೆ ಆಳದ ಉಪ್ಪು ಮತ್ತೆ ಮೇಲೇರುತ್ತದೆ, ಅದು ಎಳೆ ಸಸಿಯ ಹೊತ್ತಿಗೇ ಆದರೆ ಕಗ್ಗವೂ ತಡೆಯುವುದಿಲ್ಲ. ಆರಿದ್ರೆಯಲ್ಲಿ ಇಷ್ಟು, ಪುನರ್ವಸುವಿನಲ್ಲಿ ಇಷ್ಟು ಎಂದು ಮಳೆ ನಕ್ಷತ್ರ ನೋಡಿ ಬೀಜ ನೆನೆಹಾಕುತ್ತಿದ್ದವರ ಕೈ ಈಗ ತಡವರಿಸುತ್ತಿದೆ.

ಹೊರಗಡೆಯಿಂದ ಸಮುದ್ರದ ಒತ್ತಡ ಬೇರೆ. 1901ರಿಂದ 2018ರ ನಡುವೆ ಜಗತ್ತಿನ ಸಮುದ್ರಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ, ಏರುವ ವೇಗವೂ ಹೆಚ್ಚಿದೆ. 20 ಸೆಂಟಿಮೀಟರ್ ಅಂದರೆ ಒಂದು ಗೇಣು, ಅಷ್ಟೇನಾ ಅನ್ನಿಸಬಹುದು. ಆದರೆ ಗಜನಿಯ ಕಟ್ಟು ಎತ್ತರ ಕಟ್ಟಿದ್ದೇ ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಉಬ್ಬರಕ್ಕಿಂತ ಸ್ವಲ್ಪ ಮೇಲೆ ಇರಲಿ ಎಂದು, ಆ "ಸ್ವಲ್ಪ"ವೇ ಒಂದೆರಡು ಗೇಣು ಇರುತ್ತದೆ. ಅಮಾವಾಸ್ಯೆಯ ಉಬ್ಬರ, ಮಲೆನಾಡಿನಿಂದ ಇಳಿದು ಬರುವ ನೆರೆ, ಪಡುವಣ ಗಾಳಿ ಮೂರೂ ಒಂದೇ ದಿನ ಕೂಡಿದರೆ ಆ ಗೇಣೇ ಎಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಹೊರಗೆ ಹಾದು ಹೋದಾಗ ಸಮುದ್ರ ಎಲ್ಲಿಯವರೆಗೆ ಬರಬಲ್ಲದು ಎಂದು ಕಡಲಂಚಿನವರೆಲ್ಲ ನೋಡಿದ್ದಾರೆ.

ಇಷ್ಟು ಹೇಳಿದ ಮೇಲೆ "ಹವಾಮಾನ ಬದಲಾವಣೆ ಗಜನಿಯನ್ನು ಹಾಳು ಮಾಡಿತು" ಎಂದು ಬರೆದು ಮುಗಿಸುವುದು ಸುಲಭ. ಅದು ಪೂರ್ತಿ ಸರಿಯಲ್ಲ. ಗಜನಿ ಅದಕ್ಕೆ ಮೊದಲೇ ಸಡಿಲವಾಗಿತ್ತು.

ಹಿಂದೆ ಮಣ್ಣಿನ ಕಟ್ಟನ್ನು ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಎಲ್ಲ ಮನೆಯವರೂ ಕೂಡಿ ಮೆತ್ತುತ್ತಿದ್ದರು. 1970ರ ದಶಕದಲ್ಲಿ ಸರ್ಕಾರ ಖಾರ್‌ಲ್ಯಾಂಡ್ ಎಂಬ ಉಪ್ಪು ನೆಲದ ಯೋಜನೆಯಲ್ಲಿ ಕಲ್ಲಿನ ಒಡ್ಡು ಕಟ್ಟಿಸಿತು. ಉದ್ದೇಶ ಒಳ್ಳೆಯದೇ, ವರ್ಷ ವರ್ಷ ಮಣ್ಣು ಹೊರುವ ಕಷ್ಟ ತಪ್ಪಿತು. ಆದರೆ ಕಟ್ಟು "ಸರ್ಕಾರದ್ದು" ಆಯಿತು. ಬಿರುಕು ಕಂಡರೆ ಬುಟ್ಟಿ ಹಿಡಿದು ಓಡುವ ಬದಲು ಅರ್ಜಿ ಬರೆಯುವುದು ರೂಢಿಯಾಯಿತು. ಅದರ ಬೆನ್ನಿಗೇ ಸಿಗಡಿಯ ದುಡ್ಡು ಬಂತು. ಗಜನಿಯನ್ನು ಮೀನು ಹಿಡಿಯಲು ಹರಾಜು ಹಾಕಿದರೆ ಹೊಲದ ಮಾಲೀಕರಿಗೆ ಕೂತಲ್ಲೇ ಪಾಲು ಬರುತ್ತದೆ. ಹರಾಜು ಹಿಡಿದವನಿಗೆ ಬಾಗಿಲು ಆದಷ್ಟು ದಿನ ತೆರೆದಿರಬೇಕು, ಭತ್ತ ಹಾಕುವವನಿಗೆ ಮೇ ತಿಂಗಳಲ್ಲೇ ಮುಚ್ಚಬೇಕು. ಬಾಗಿಲ ಕೀಲಿ ದುಡ್ಡು ಕಟ್ಟಿದವನ ಕೈಗೆ ಹೋದ ಊರುಗಳಲ್ಲಿ ಭತ್ತ ಹಿಂದೆ ಬಿತ್ತು. ತೊಂಬತ್ತರ ದಶಕದಲ್ಲಿ ತೀವ್ರ ಸಿಗಡಿ ಕೃಷಿ ಬಂದು, ಬಿಳಿಚುಕ್ಕೆ ವೈರಸ್ ತಗುಲಿ ಕೆರೆಗಟ್ಟಲೆ ಸಿಗಡಿ ಸತ್ತು, 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದ ಒಳಗಿನ ಅಂತಹ ಕೃಷಿಗೆ ತಡೆ ಹಾಕಿತು. ಆ ಹೊತ್ತಿಗೆ ಹಲವು ಕಡೆ ಕಗ್ಗದ ಬೀಜವೇ ಮನೆಗಳಲ್ಲಿ ಉಳಿದಿರಲಿಲ್ಲ.

ಬೀಜ ಉಳಿಯದಿರುವುದನ್ನು ಹಗುರವಾಗಿ ನೋಡಬೇಡಿ. ಕರಾವಳಿಯ ತೇವದಲ್ಲಿ ಭತ್ತದ ಬೀಜದ ಮೊಳೆಯುವ ಶಕ್ತಿ ಬೇಗ ಕುಗ್ಗುತ್ತದೆ. ಒಂದೆರಡು ವರ್ಷ ಬಿತ್ತದೆ ಬಿಟ್ಟರೆ ಮನೆಯ ಬೀಜ ಹೋಯಿತು. ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಬೀಜ ಇಡಬಹುದು, ಇಡಲೇಬೇಕು ಕೂಡ. ಆದರೆ ಅಲ್ಲಿಟ್ಟ ಬೀಜ ಅಲ್ಲಿಟ್ಟ ವರ್ಷದ ಉಪ್ಪಿಗೆ ಹೊಂದಿದ ಬೀಜ. ಗಜನಿಯಲ್ಲಿ ಪ್ರತಿ ವರ್ಷ ಸತ್ತು ಬದುಕಿ ಬರುವ ಬೀಜ ಈಗಿನ ಉಪ್ಪನ್ನೂ ಈಗಿನ ಮಳೆಯನ್ನೂ ಕಂಡಿರುತ್ತದೆ. ಈ ಕಾರಣಕ್ಕೇ ಮಾಣಿಕಟ್ಟಾದಂತಹ ಕಡೆ ರೈತರು ಕೂಡಿಕೊಂಡು ಕಗ್ಗ ಬಿಡದೆ ಬಿತ್ತುತ್ತಿರುವುದಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ.

ಪಾಳು ಬಿದ್ದ ಗಜನಿಗಳಲ್ಲಿ ಈಗ ಕಾಂಡ್ಲಾ, ಅಂದರೆ ಉಪ್ಪು ನೀರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ, ಬೆಳೆಯುತ್ತಿದೆ. ಕೆಲವು ಪರಿಸರ ಗೆಳೆಯರು ಇದನ್ನು ನೋಡಿ, ಪ್ರಕೃತಿ ತನ್ನ ಜಾಗ ವಾಪಸ್ ಪಡೆಯಿತು ಎನ್ನುತ್ತಾರೆ. ಕಾಂಡ್ಲಾ ಬೇಕು, ಅದರಲ್ಲಿ ಎರಡು ಮಾತಿಲ್ಲ. ಕಟ್ಟಿನ ಹೊರಗೆ ಕಾಂಡ್ಲಾ ಸಾಲು ಇದ್ದ ಕಡೆ ಅಲೆ ಕಟ್ಟನ್ನು ಕೊರೆಯುವುದು ಕಮ್ಮಿ, ಮೀನು ಮರಿಗಳಿಗೆ ಅದೇ ತೊಟ್ಟಿಲು. ಅರಣ್ಯ ಇಲಾಖೆ ಅಘನಾಶಿನಿಯಲ್ಲಿ ಕಾಂಡ್ಲಾ ನೆಟ್ಟು ಬೆಳೆಸಿದ್ದನ್ನು ನಾನು ಮೆಚ್ಚುತ್ತೇನೆ. ಆದರೆ ಕಟ್ಟು ಒಡೆದು ಒಳಗೆ ಬೆಳೆದ ಕಾಂಡ್ಲಾ ಇನ್ನೊಂದು ಕಥೆಯನ್ನೂ ಹೇಳುತ್ತದೆ, ಅಲ್ಲಿ ಒಂದು ಭತ್ತದ ತಳಿ, ಒಂದು ಮೀನಿನ ಹಂಗಾಮು, ಒಂದು ಊರಿನ ಒಪ್ಪಂದ ಮೂರೂ ಹೋಗಿವೆ. ಜೊತೆಗೆ ಉಪ್ಪು ಅಲ್ಲಿಂದ ಹಿಂದಿನ ಸಿಹಿನೀರು ಗದ್ದೆಗೆ, ಬಾವಿಗೆ ದಾರಿ ಹುಡುಕುತ್ತಿರುತ್ತದೆ. ಹೊರಗೆ ಕಾಂಡ್ಲಾ, ಒಳಗೆ ಕಗ್ಗ: ನನ್ನ ಮಟ್ಟಿಗೆ ಈ ಜಾಗಕ್ಕೆ ಹೊಂದುವ ಏರ್ಪಾಡು ಅದು.

ಹೊಳೆಯ ಮಾತು ಬಿಟ್ಟರೆ ಇದೆಲ್ಲ ಅರ್ಧವಾಗುತ್ತದೆ. ಅಘನಾಶಿನಿ ಶಿರಸಿಯ ಕಡೆ ಹುಟ್ಟಿ, ದೊಡ್ಡ ಅಣೆಕಟ್ಟು ಒಂದೂ ಇಲ್ಲದೆ ಸಮುದ್ರ ಸೇರುತ್ತದೆ. ಮಳೆಗಾಲದಲ್ಲಿ ಅಳಿವೆ ಹೆಚ್ಚುಕಮ್ಮಿ ಸಿಹಿ, ಬೇಸಿಗೆಯಲ್ಲಿ ಉಪ್ಪು. ಪಕ್ಕದ ಶರಾವತಿಯನ್ನು ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ವಿದ್ಯುತ್ ತಯಾರಿಸಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಅಳಿವೆಗೆ ಬರುತ್ತಲೇ ಇದೆ. ಅಲ್ಲಿ ಉಪ್ಪು ಇಳಿದು ಉಪ್ಪು ಬೇಡುವ ಬಳಚು ಕಪ್ಪೆಚಿಪ್ಪುಗಳು, ಕಾಂಡ್ಲಾ ಜಾತಿಗಳು ಸೊರಗಿದವು. ಅಘನಾಶಿನಿಯಲ್ಲಿ ಬಳಚು ಹೆಕ್ಕಿ ಬದುಕುವ ಕುಟುಂಬಗಳು ಇವತ್ತಿಗೂ ಬಹಳ. ಸಿಹಿನೀರು ಜಾಸ್ತಿ ಬಂದರೂ ಕೆಡುತ್ತದೆ, ಕಮ್ಮಿ ಆದರೂ ಕೆಡುತ್ತದೆ. ಅಘನಾಶಿನಿಯ ನೀರನ್ನು ಘಟ್ಟದ ಮೇಲೆಯೇ ಬಯಲುಸೀಮೆಯ ವೇದಾವತಿ ನದಿಯ ಕಡೆ ತಿರುಗಿಸುವ ಯೋಜನೆಯ ಮಾತು ಬಂದಾಗಲೆಲ್ಲ "ಸಮುದ್ರಕ್ಕೆ ಹೋಗಿ ವ್ಯರ್ಥವಾಗುವ ನೀರು" ಎನ್ನುವ ವಾದ ಕೇಳುತ್ತೇವೆ. ಜೂನ್, ಜುಲೈನಲ್ಲಿ ಕೆಳಗೆ ಬರುವ ಆ ನೀರೇ ಗಜನಿಯ ಬಾಗಿಲ ಹೊರಗೆ ನಿಂತು ಸಮುದ್ರದ ಉಪ್ಪನ್ನು ಹಿಂದಕ್ಕೆ ಒತ್ತುವುದು. ಬಯಲುಸೀಮೆಗೆ ನೀರು ಬೇಕು, ಆ ನೋವು ಸುಳ್ಳಲ್ಲ, ಆದರೆ ಈ ನೀರಿಗೆ ಕೆಲಸ ಇಲ್ಲ ಎಂದು ಮಾತ್ರ ದಯವಿಟ್ಟು ಹೇಳಬೇಡಿ.

2024ರ ಜನವರಿ ಕೊನೆಗೆ ಅಂಕಸಮುದ್ರ, ಮಾಗಡಿ ಕೆರೆಗಳ ಜೊತೆ ಅಘನಾಶಿನಿ ಅಳಿವೆಯೂ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಇದರಿಂದ ಮನುಷ್ಯರನ್ನು ಹೊರಗೆ ಹಾಕುತ್ತಾರೇನೋ ಎಂದು ಊರಿನವರು ಕೇಳುತ್ತಾರೆ. ರಾಮ್ಸಾರ್ ಒಪ್ಪಂದದಲ್ಲೇ ವಿವೇಕದ ಬಳಕೆ ಎಂಬ ತತ್ವ ಇದೆ, ಜನ ಬಳಸುತ್ತಲೇ ಕಾಪಾಡುವುದು. ಹಾಗಾಗಿ ನಿರ್ವಹಣಾ ಯೋಜನೆ ಬರೆಯುವವರು ಹಕ್ಕಿಗಳ ಪಟ್ಟಿ, ಕಾಂಡ್ಲಾ ಪಟ್ಟಿ ಹಾಕುವಷ್ಟೇ ಕಾಳಜಿಯಿಂದ ಜಂತ್ರ ಬಾಗಿಲುಗಳ ಪಟ್ಟಿಯನ್ನೂ ಹಾಕಬೇಕು: ಯಾವುದು ಎಲ್ಲಿದೆ, ಯಾರು ತೆಗೆಯುತ್ತಾರೆ, ಯಾವ ತಾರೀಖಿಗೆ ಮುಚ್ಚುತ್ತಾರೆ.

ಮತ್ತೆ ಬೀಜ ಕೇಳಿದವರಿಗೆ. ನಿಮ್ಮ ಗದ್ದೆಗೆ ಉಪ್ಪು ಬರುತ್ತಿದ್ದರೆ ಮೊದಲು ಅದು ಎಲ್ಲಿಂದ ಬರುತ್ತಿದೆ ನೋಡಿ, ಒಡೆದ ಕಟ್ಟಿನಿಂದಲೋ, ಕೊಳೆತ ಹಲಗೆಯಿಂದಲೋ, ಕೊಳವೆಬಾವಿಯಿಂದಲೋ. ಬೇಸಿಗೆ ಕೊನೆಯಲ್ಲಿ ಒಂದು ಸಲ, ಬಿತ್ತನೆಗೆ ಮೊದಲು ಒಂದು ಸಲ ಮಣ್ಣು ಪರೀಕ್ಷೆ ಮಾಡಿಸಿ. ಅಕ್ಕಪಕ್ಕದ ನಾಲ್ಕು ಜನ ಬಾಗಿಲು ಹಾಕುವ ದಿನಕ್ಕೆ ಒಪ್ಪುತ್ತಾರಾ ಕೇಳಿ. ಒಪ್ಪಿದರೆ ಕಗ್ಗ ಬೆಳೆಯುವವರ ಹತ್ತಿರ ಹೋಗಿ, ಬೀಜದ ಜೊತೆ ಅವರ ಜೂನ್ ತಿಂಗಳ ಕೆಲಸವನ್ನೂ ಎರಡು ದಿನ ನಿಂತು ನೋಡಿ ಬನ್ನಿ. ಮತ್ತು ಕಟ್ಟು ದುರಸ್ತಿಯ ದುಡ್ಡು ಬಿಡುಗಡೆ ಮಾಡುವ ಅಧಿಕಾರಿಗಳು ಇದನ್ನು ಓದುತ್ತಿದ್ದರೆ ಒಂದೇ ಬೇಡಿಕೆ: ಮಣ್ಣು ಮೆತ್ತಲು ಆಗುವುದು ಮಾರ್ಚಿನಿಂದ ಮೇ ತಿಂಗಳ ತನಕ ಮಾತ್ರ, ಆಗಸ್ಟಿನಲ್ಲಿ ಬರುವ ಮಂಜೂರಾತಿಯಿಂದ ಆ ವರ್ಷದ ಭತ್ತಕ್ಕೆ ಏನೂ ಆಗುವುದಿಲ್ಲ. ಕಡತ ಫೆಬ್ರವರಿಯೊಳಗೆ ಮುಗಿಸಿಕೊಡಿ.